ಜೂನ್ 21ರ ನೆರಳು: ಮನೆಯಲ್ಲೇ ಅಯನದ ಹಬ್ಬ



ನನಗೆ ಕೊಟ್ಟಿರುವ ವಿಷಯ ಸ್ವಲ್ಪ ವಿಚಿತ್ರವಾಗಿದೆ. ಪಾಶ್ಚಾತ್ಯ ದೇಶಗಳಲ್ಲಿ ಜೂನ್ 21ರ ಸುಮಾರಿಗೆ ‘ಸಮ್ಮರ್ ಸಾಲ್‌ಸ್ಟಿಸ್’ ಎಂಬ ಪೇಗನ್ ಹಬ್ಬವನ್ನು ಮನೆಗಳಲ್ಲಿ ಆಚರಿಸುತ್ತಾರಂತೆ. ಹೊರದೇಶದಲ್ಲಿರುವ ನಮ್ಮ ಕೆಲವರ ಮಕ್ಕಳು, ಮೊಮ್ಮಕ್ಕಳು ಅದರ ಫೋಟೊ ಕಳಿಸಿದ್ದಾರೆ. ಹೂವಿನ ಕಿರೀಟ, ಮೇಣದ ಬತ್ತಿ, ಹಣ್ಣಿನ ತಟ್ಟೆ, ಅಂಗಳದಲ್ಲಿ ಬೆಂಕಿ. ಅದನ್ನು ನೋಡಿ ಒಬ್ಬರು ‘ಚೆಂದ ಐತಿ, ನಾವೂ ಮಾಡೋಣ’ ಅಂದರು. ಇನ್ನೊಬ್ಬರು ‘ನಮ್ಮದಲ್ಲದ್ದು ನಮಗ್ಯಾಕ’ ಅಂದರು. ಇಬ್ಬರ ನಡುವೆ ಮಾತು ಬೆಳೆದು, ಕೊನೆಗೆ ಭಾಷಣ ನನ್ನ ಪಾಲಿಗೆ ಬಂತು.

ಮೊದಲು ಅವರ ಹಬ್ಬ ಏನು ಎಂದು ನೋಡೋಣ. ಸಾಲ್‌ಸ್ಟಿಸ್ ಎನ್ನುವುದು ಲ್ಯಾಟಿನ್ ಮೂಲದ ಪದ. ಸೂರ್ಯ ನಿಲ್ಲುವುದು ಎಂದು ಅದರ ಅರ್ಥ. ಆರು ತಿಂಗಳು ದಿನದಿನವೂ ಉತ್ತರಕ್ಕೆ ಸರಿಯುತ್ತಾ ಬಂದ ಸೂರ್ಯ ಜೂನ್ 21ರ ಹೊತ್ತಿಗೆ ಒಂದಿಷ್ಟು ದಿನ ಅಲ್ಲೇ ನಿಂತಂತೆ ಕಾಣಿಸಿ, ಆಮೇಲೆ ದಕ್ಷಿಣಕ್ಕೆ ತಿರುಗುತ್ತಾನೆ. ಕ್ರೈಸ್ತ ಧರ್ಮ ಬರುವುದಕ್ಕೆ ಮೊದಲಿನ ಯುರೋಪಿನ ನಂಬಿಕೆಗಳಿಗೆ ಪೇಗನ್ ಎಂಬ ಹೆಸರು ಬಿತ್ತು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳನ್ನು ಈ ದಿನದ ಸೂರ್ಯೋದಯದ ದಿಕ್ಕಿಗೆ ಹೊಂದಿಸಿ ನಿಲ್ಲಿಸಿದ್ದಾರೆ. ಆ ಕಲ್ಲುಗಳಿಗೆ ಸುಮಾರು 4,500 ವರ್ಷ ವಯಸ್ಸು. ಫಿನ್‌ಲೆಂಡಿನಲ್ಲಿ ಈ ಹಬ್ಬಕ್ಕೆ ಕೆರೆಯ ದಂಡೆಯ ಮೇಲೆ ಬೆಂಕಿ ಹಾಕುತ್ತಾರೆ, ಸ್ವೀಡನ್ನಿನಲ್ಲಿ ಹೂವು ಸುತ್ತಿದ ಕಂಬದ ಸುತ್ತ ಕುಣಿಯುತ್ತಾರೆ. ಚರ್ಚು ಬಂದ ಮೇಲೂ ಹಬ್ಬ ನಿಲ್ಲಲಿಲ್ಲ. ಜೂನ್ 24ರ ಸಂತ ಜಾನ್‌ರ ದಿನದೊಂದಿಗೆ ಸೇರಿಕೊಂಡಿತು. ಇಂದು ‘ಲಿಥಾ’ ಎಂಬ ಹೆಸರಿನಲ್ಲಿ ಮನೆಯೊಳಗೆ ಮಾಡುವ ಪೂಜೆಯಂಥ ಆಚರಣೆ ಮಾತ್ರ 20ನೇ ಶತಮಾನದಲ್ಲಿ ರೂಪುಗೊಂಡದ್ದು.

ಅವರಿಗೆ ಈ ದಿನ ಯಾಕೆ ಅಷ್ಟು ದೊಡ್ಡದು? ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರಿನ ಹಗಲು ಸುಮಾರು 6 ಗಂಟೆ ಮಾತ್ರ. ಜೂನ್‌ನಲ್ಲಿ ಅದು 18 ಗಂಟೆ ದಾಟುತ್ತದೆ. ಕತ್ತಲೆಯಲ್ಲಿ ಅರ್ಧ ವರ್ಷ ಕಳೆದವರಿಗೆ ಬೆಳಕೇ ದೇವರು. ನಮ್ಮ ನಾಸಿಕದಲ್ಲಿ ವರ್ಷದ ಅತಿ ದೀರ್ಘ ಹಗಲು 13 ಗಂಟೆ 20 ನಿಮಿಷದ ಆಸುಪಾಸು, ಅತಿ ಸಣ್ಣ ಹಗಲು 11 ಗಂಟೆಗೆ ಸ್ವಲ್ಪ ಕಡಿಮೆ. ನಡುವಿನ ವ್ಯತ್ಯಾಸ ಎರಡೂವರೆ ಗಂಟೆಯೂ ಇಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲು ಉಂಡವರು ಜೂನ್‌ನಲ್ಲಿ ‘ಸೂರ್ಯದೇವಾ, ಇನ್ನಷ್ಟು ಹೊತ್ತು ಇರು’ ಎಂದು ಬೇಡುವುದುಂಟೇ? ನಾವು ಬೇಡುವುದು ಮೋಡವನ್ನು. ಅವರು ಬೆಂಕಿ ಹಚ್ಚುವ ಹೊತ್ತಿನಲ್ಲಿ ನಾವು ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟುತ್ತೇವೆ.

ನಾನು ಹೇಳುತ್ತಿರುವುದು ಕಾರಹುಣ್ಣಿಮೆಯ ಬಗ್ಗೆ ಎಂದು ಉತ್ತರ ಕರ್ನಾಟಕದವರಿಗೆ ಆಗಲೇ ಗೊತ್ತಾಗಿರಬೇಕು. ಜ್ಯೇಷ್ಠ ಮಾಸದ ಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೋಡುಬಳೆ ಏರಿಸಿ, ಹೋಳಿಗೆ, ಕಡುಬು ತಿನ್ನಿಸಿ ಸಂಜೆ ಕರಿ ಹರಿಯಲು ಬಿಡುತ್ತಾರೆ. ಅಗಸೆಗೆ ಅಡ್ಡವಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿರುತ್ತಾರೆ. ಮೊದಲು ಹರಿದ ಎತ್ತು ಯಾವ ಬಣ್ಣದ್ದು ಎಂದು ನೋಡಿ ಆ ವರ್ಷ ಮುಂಗಾರಿ ಪೀಕು ಚೆನ್ನೋ ಹಿಂಗಾರಿ ಪೀಕು ಚೆನ್ನೋ ಎಂದು ಹೇಳುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅದು ಪೂರ್ತಿ ಮನೆಯೊಳಗಿನ ಹಬ್ಬ. ಎರೆ ಮಣ್ಣು ತಂದು ಜೋಡೆತ್ತು ಮಾಡಿ, ಮುಂದೆ ಗ್ವಾದಲಿ ಇಟ್ಟು, ಜೋಳದ ಕಾಳು ಒತ್ತಿ ಕಣ್ಣು ಮಾಡಿ ಪೂಜಿಸುವುದು. ಆಷಾಢದ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ, ಜೋಕುಮಾರ ಇವೆಲ್ಲ ಮಣ್ಣಿನ ದೇವರುಗಳು. ಆ ಸಾಲಿನಲ್ಲಿ ಮೊದಲು ಬರುವುದು ಮಣ್ಣೆತ್ತು.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ‘ನೋಡ್ರಿ, ಸಾಲ್‌ಸ್ಟಿಸ್ ನಮ್ಮ ಹಿರಿಯರೇ ಮಾಡುತ್ತಿದ್ದರು, ಅದೇ ಕಾರಹುಣ್ಣಿಮೆ’ ಎಂದು ನಾನು ಹೇಳುವುದಿಲ್ಲ. ಕಾರಹುಣ್ಣಿಮೆ ಬಿತ್ತನೆಯ ಹಬ್ಬ, ಚಂದ್ರನ ಲೆಕ್ಕದ್ದು. ಅದಕ್ಕೇ ತಾರೀಖು ಓಡಾಡುತ್ತದೆ. ಜ್ಯೇಷ್ಠ ಹುಣ್ಣಿಮೆ 2023ರಲ್ಲಿ ಜೂನ್ 3ಕ್ಕೆ ಬಂದಿತ್ತು, 2025ರಲ್ಲಿ ಜೂನ್ 10ಕ್ಕೆ. 2024ರಲ್ಲಿ ಮಾತ್ರ ಮಹಾರಾಷ್ಟ್ರದ ವಟಪೂರ್ಣಿಮೆ ಸರಿಯಾಗಿ ಜೂನ್ 21ರಂದೇ ಬಂತು. ಒಂದು ಕಡೆ ಬೆಳದಿಂಗಳು, ಇನ್ನೊಂದು ಕಡೆ ವರ್ಷದ ಅತಿ ದೀರ್ಘ ಹಗಲು. ಹಾಗೆ ಎರಡೂ ಕೂಡುವುದು ಅಪರೂಪ.

ಹಾಗಾದರೆ ಸೂರ್ಯನ ಲೆಕ್ಕದಲ್ಲಿ ನಮಗೆ ಏನೂ ಇಲ್ಲವೇ? ಇದೆ, ದಕ್ಷಿಣಾಯನ. ಆದರೆ ಪಂಚಾಂಗದಲ್ಲಿ ದಕ್ಷಿಣಾಯನ ಪುಣ್ಯಕಾಲ ಬರುವುದು ಕರ್ಕ ಸಂಕ್ರಾಂತಿಗೆ, ಅಂದರೆ ಜುಲೈ 16ರ ಸುಮಾರಿಗೆ. ಆಕಾಶದಲ್ಲಿ ಸೂರ್ಯ ತಿರುಗುವುದು ಜೂನ್ 21ಕ್ಕೆ. ಸುಮಾರು 25 ದಿನದ ಈ ಅಂತರ ಎಲ್ಲಿಂದ ಬಂತು? ಭೂಮಿಯ ಅಕ್ಷ ತಿರುಗುವ ಬುಗುರಿಯ ತಲೆಯ ಹಾಗೆ ಬಹಳ ನಿಧಾನವಾಗಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಸರಿಯುತ್ತದೆ. ರಾಶಿಗಳನ್ನು ಸ್ಥಿರ ನಕ್ಷತ್ರಗಳಿಂದ ಅಳೆಯುವ ನಮ್ಮ ಪಂಚಾಂಗ ಮತ್ತು ಋತು ತರುವ ಸೂರ್ಯ ಹೀಗೆ ದೂರ ದೂರವಾಗುತ್ತಾ ಬಂದಿದ್ದಾರೆ. ಸಂಕ್ರಾಂತಿ ಜನವರಿ 14ಕ್ಕೆ ಬಂದರೂ ನಿಜವಾದ ಉತ್ತರಾಯಣ ಡಿಸೆಂಬರ್ 21-22ಕ್ಕೇ ಆರಂಭವಾಗಿರುತ್ತದೆ. ಕಾರಣ ಅದೇ.

ಇದು ಪಾಶ್ಚಾತ್ಯರು ಬಂದು ಹೇಳಿಕೊಟ್ಟ ತಪ್ಪು ಎಂದು ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ ಸಂಹಿತೆ’ಯಲ್ಲಿ ಇದನ್ನು ಬರೆದಿದ್ದಾನೆ. ಹಳೆಯ ಶಾಸ್ತ್ರಗಳಲ್ಲಿ ದಕ್ಷಿಣಾಯನ ಆಶ್ಲೇಷಾ ನಕ್ಷತ್ರದ ಅರ್ಧದಿಂದ ಎಂದಿದೆ, ಒಂದು ಕಾಲಕ್ಕೆ ಹಾಗೆ ಇದ್ದಿರಬೇಕು, ಈಗಂತೂ ಕರ್ಕದ ಆರಂಭದಿಂದ ಎನ್ನುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ. ಅನುಮಾನ ಬಂದರೆ ನೀವೇ ಕಣ್ಣಾರೆ ಪರೀಕ್ಷಿಸಿ. ಸೂರ್ಯ ಹುಟ್ಟುವ, ಮುಳುಗುವ ಜಾಗಕ್ಕೆ ದೂರದ ಗುರುತು ಹಿಡಿಯಿರಿ, ಇಲ್ಲವೇ ದೊಡ್ಡ ವೃತ್ತ ಎಳೆದು ನೆರಳು ಒಳಗೆ ಬರುವ, ಹೊರಗೆ ಹೋಗುವ ಗುರುತು ಮಾಡಿ ನೋಡಿ ಎನ್ನುತ್ತಾನೆ. ಹಳೆಯದನ್ನು ಗೌರವದಿಂದ ಓದಿ, ಅಂಗಳಕ್ಕೆ ಇಳಿದು ಅಳೆಯುವುದೂ ನಮ್ಮ ಸಂಪ್ರದಾಯವೇ. ಭಾರತ ಸರ್ಕಾರ 1957ರ ಮಾರ್ಚ್ 22ರಿಂದ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗದಲ್ಲೂ, ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿ ಇದೇ ಕೆಲಸ ಮಾಡಿತು. ಅದರಲ್ಲಿ ಆಷಾಢ 1 ಎಂದರೆ ಜೂನ್ 22. ತಿಂಗಳು ಅಯನಕ್ಕೆ ಹೊಂದಿಕೊಂಡಿದೆ.

ನಮ್ಮ ರೈತರಿಗೆ ಇನ್ನೊಂದು ಲೆಕ್ಕ ಇದೆ, ಮಳೆ ನಕ್ಷತ್ರದ್ದು. ರೋಹಿಣಿ ಮಳೆ ಆದರೆ ಓಣಿಯೆಲ್ಲ ಜೋಳ ಎಂದು ಅಜ್ಜಿಯರು ಹೇಳುವುದನ್ನು ಕೇಳಿದ್ದೇವೆ. ಜೂನ್ 7-8ಕ್ಕೆ ಮೃಗಶಿರಾ. ನಾವೂ ಮರಾಠಿಯವರೂ ಮಿರಗ ಎನ್ನುವುದು ಇದನ್ನೇ. ಅದರ ನಂತರದ್ದು ಆರಿದ್ರ. ಸೂರ್ಯ ಆರಿದ್ರಕ್ಕೆ ಬರುವ ದಿನ ಈ ಕಾಲದಲ್ಲಿ ಜೂನ್ 21-22. ಅಂದರೆ ಅಯನ ತಿರುಗುವುದಕ್ಕೂ ಆರಿದ್ರ ಮಳೆ ಹೂಡುವುದಕ್ಕೂ ಒಂದು ದಿನದ ಅಂತರವೂ ಕಷ್ಟ. ಮನೆಯಲ್ಲಿ ಆಚರಿಸುವುದಕ್ಕೆ ನಮ್ಮದೇ ಹೆಸರು ಬೇಕು ಎನ್ನುವವರು ‘ಆರಿದ್ರದ ದಿನ’ ಎನ್ನಿ. ನನಗೆ ಆ ಹೆಸರು ಇಷ್ಟ.

ಈಗ ನಾವಿರುವ ನೆಲಕ್ಕೆ ಬರೋಣ. ಕೊಲ್ಹಾಪುರ, ಸಾಂಗ್ಲಿ ಕಡೆ ಎತ್ತಿನ ಹಬ್ಬಕ್ಕೆ ಬೇಂದೂರ ಎನ್ನುತ್ತಾರೆ. ಅಲ್ಲಿ ಎರಡು ಬೇಂದೂರಗಳಿವೆ. ಜ್ಯೇಷ್ಠದಲ್ಲಿ ಬರುವುದಕ್ಕೆ ಮರಾಠಿಯವರೇ ‘ಕರ್ನಾಟಕಿ ಬೇಂದೂರ’ ಎಂದು ಹೆಸರಿಟ್ಟಿದ್ದಾರೆ. ನಾಸಿಕದಲ್ಲೂ ಮರಾಠವಾಡಾದಲ್ಲೂ ಎತ್ತಿನ ಹಬ್ಬ ಎಂದರೆ ಪೋಳಾ, ಶ್ರಾವಣ ಅಮಾವಾಸ್ಯೆಗೆ. ಮಣ್ಣಿನ ಎತ್ತು ಸಂತೆಗೆ ಬರುವುದೂ ಆಗಲೇ. ಜೂನ್‌ನಲ್ಲಿ ಕುಂಬಾರರ ಹತ್ತಿರ ಹೋಗಿ ಕೇಳಿದರೆ ‘ತಾಯಿ, ಪೋಳಾ ಅಜೂನ್ ಲಾಂಬ್ ಆಹೆ’ ಎನ್ನುತ್ತಾರೆ. ಹಾಗಾಗಿ ಇಲ್ಲಿ ಮಣ್ಣೆತ್ತು ಬೇಕಾದರೆ ಕೈಯಾರೆ ಮಾಡಬೇಕು. ಅದಕ್ಕೇನೂ ಅಡ್ಡಿಯಿಲ್ಲ, ವಿಜಯಪುರದ ಎರೆ ಮಣ್ಣೂ ಸಂಭಾಜಿನಗರದ ಕರಿ ಮಣ್ಣೂ ಒಂದೇ ಬಗೆಯ ಕಪ್ಪು ಕಲ್ಲು ಕರಗಿ ಆದವು. ಭಾಷೆ ಬದಲಾದ ಗಡಿಯಲ್ಲಿ ಮಣ್ಣು ಬದಲಾಗಿಲ್ಲ.

ಸಂಭಾಜಿನಗರದವರಿಗೆ ಹೆಮ್ಮೆಪಡಲು ಇನ್ನೊಂದು ಕಾರಣ ಅಜಂತಾ. ಆ ಗುಹೆಗಳ ಅಧ್ಯಯನದಲ್ಲೇ ಆಯುಷ್ಯ ಕಳೆದ ವಾಲ್ಟರ್ ಸ್ಪಿಂಕ್ ಅವರು, 26ನೇ ಗುಹೆಯನ್ನು ಈ ಜೂನ್ ಅಯನದ ಸೂರ್ಯನ ದಿಕ್ಕಿಗೂ 19ನೇ ಗುಹೆಯನ್ನು ಡಿಸೆಂಬರ್ ಅಯನದ ದಿಕ್ಕಿಗೂ ಹೊಂದಿಸಿದ್ದಾರೆ ಎಂದು ಅಭಿಪ್ರಾಯಪಟ್ಟರು. ಎರಡೂ ಚೈತ್ಯಗಳು, ಒಳಗೆ ಸ್ತೂಪ ಇರುವಂಥವು. ಸ್ಟೋನ್‌ಹೆಂಜ್ ನೋಡಲು ಇಂಗ್ಲೆಂಡಿಗೆ ಹೋಗಬೇಕು, ಇದಕ್ಕೆ ಬಸ್ಸು ಸಾಕು.

ಮನೆಯಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗೆ ನನ್ನ ಸಲಹೆ ಸುಲಭವಾಗಿದೆ. ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲು ಬೇಕು. ಗಚ್ಚಿಯ ಮೇಲೆ ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ವಾಲಿದೆಯೋ ಇಲ್ಲವೋ ತಿಳಿಯುತ್ತದೆ. ಸೂರ್ಯ ನೆತ್ತಿಯ ಗೆರೆ ದಾಟುವುದು ಗಡಿಯಾರದ 12ಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಜೂನ್ 21ರಂದು ಸಂಭಾಜಿನಗರದಲ್ಲಿ ಸುಮಾರು 12.30ಕ್ಕೆ, ನಾಸಿಕದಲ್ಲಿ 12.36ರ ಹೊತ್ತಿಗೆ ನಡು ಮಧ್ಯಾಹ್ನ. ಆ ಕ್ಷಣದಲ್ಲಿ ಕೋಲಿನ ನೆರಳು ಎಷ್ಟಿರುತ್ತದೆ ಗೊತ್ತೇ? ಸುಮಾರು 6 ಸೆಂಟಿಮೀಟರ್. ಅದೂ ದಕ್ಷಿಣಕ್ಕೆ!

ದಕ್ಷಿಣಕ್ಕೆ ಯಾಕೆ ಅಂದರೆ, ನಮ್ಮ ಎರಡೂ ಊರುಗಳು 20 ಡಿಗ್ರಿ ಅಕ್ಷಾಂಶದ ಅಕ್ಕಪಕ್ಕ ಇವೆ; ಆ ದಿನ ಸೂರ್ಯ 23.4 ಡಿಗ್ರಿಯ ಕರ್ಕಾಟಕ ವೃತ್ತದ ಮೇಲಿರುತ್ತಾನೆ, ಅಂದರೆ ನಮ್ಮ ನೆತ್ತಿಗಿಂತ ಉತ್ತರಕ್ಕೆ. ಮೇ 20ರ ಸುಮಾರಿಗೆ ಒಮ್ಮೆ ನೆತ್ತಿ ದಾಟಿ ಹೋದವನು ಜುಲೈ 23-24ಕ್ಕೆ ಮತ್ತೆ ದಾಟಿ ದಕ್ಷಿಣಕ್ಕೆ ಹೋಗುತ್ತಾನೆ. ಆ ಎರಡು ದಿನ ನಡು ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ನಡುವಿನ ಎರಡು ತಿಂಗಳು ಮಧ್ಯಾಹ್ನದ ಬಿಸಿಲು ಉತ್ತರದ ಕಿಟಕಿಯಿಂದ ಬರುತ್ತದೆ. ಅಡುಗೆಮನೆಯ ಕಿಟಕಿ ಉತ್ತರಕ್ಕಿದ್ದವರು ಗಮನಿಸಿ ನೋಡಿ. ಅದೇ ಕೋಲನ್ನು ಡಿಸೆಂಬರ್ 21ಕ್ಕೆ ನಿಲ್ಲಿಸಿದರೆ ನೆರಳು ಉತ್ತರಕ್ಕೆ 95 ಸೆಂಟಿಮೀಟರ್ ಚಾಚುತ್ತದೆ. ಈ ಎರಡು ಗುರುತುಗಳ ನಡುವೆ ನಮ್ಮ ಇಡೀ ವರ್ಷ ಇದೆ.

‘ಜೂನ್‌ನಲ್ಲಿ ಮೋಡ ಇರತೈತಲ್ರೀ’ ಎಂದು ಕೇಳುತ್ತೀರಿ. ಇರಲಿ. ಸೂರ್ಯ ‘ನಿಲ್ಲುವ’ ಕಾಲ ಆದ್ದರಿಂದ ನಾಲ್ಕೈದು ದಿನ ಹಿಂದೆ ಮುಂದೆ ಅಳೆದರೂ ನೆರಳಿನಲ್ಲಿ ಕಣ್ಣಿಗೆ ಕಾಣುವ ಫರಕು ಇಲ್ಲ. ಬಿಸಿಲು ಬಿದ್ದ ದಿನ ಅಳೆಯಿರಿ. ಬಿಸಿಲೇ ಬೀಳದಿದ್ದರೆ ಆರಿದ್ರ ಮಳೆ ಹಿಡಿದಿದೆ ಎಂದರ್ಥ. ಅದಕ್ಕಿಂತ ದೊಡ್ಡ ಹಬ್ಬ ಬೇರೆ ಯಾವುದು? ಮಕ್ಕಳಿಗೆ ಒಂದು ಮಾತು: ನೆರಳು ನೋಡಿ, ಸೂರ್ಯನನ್ನು ನೇರವಾಗಿ ನೋಡಬೇಡಿ.

ನೆರಳು ಅಳೆದ ಮೇಲೆ ಮಣ್ಣಿನ ಎತ್ತು ಮಾಡಿ. ಹೋಳಿಗೆಯೋ ಕಡುಬೋ ಮಾಡಿ, ಆಗದಿದ್ದರೆ ಋತುವಿನ ನೇರಳೆ ಹಣ್ಣು, ಕೊನೆಯ ಮಾವಿನ ಹಣ್ಣು ಇಡಿ. ಸಂಜೆ ಏಳೂಕಾಲರ ಹೊತ್ತಿಗೆ ಸೂರ್ಯ ಮುಳುಗುವಾಗ ಒಂದು ದೀಪ ಹಚ್ಚಿ. ಮುಹೂರ್ತ ಬೇಡ, ಪುರೋಹಿತರು ಬೇಡ, ರೇಷ್ಮೆ ಸೀರೆಯೂ ಬೇಡ.

ಇನ್ನು ನಾನು ಈ ವಿಷಯ ಒಪ್ಪಿಕೊಂಡದ್ದಕ್ಕೆ ನಿಜವಾದ ಕಾರಣ. ಜ್ಯೇಷ್ಠ ಹುಣ್ಣಿಮೆ ಎಂದರೆ ಇಲ್ಲಿ ವಟಪೂರ್ಣಿಮೆ. ನಮ್ಮ ಸೊಸೈಟಿಯ ಹೆಂಗಸರೆಲ್ಲ ಹಸಿರು ಬಳೆ, ನತ್ತು ಹಾಕಿಕೊಂಡು ಆಲದ ಮರಕ್ಕೆ ದಾರ ಸುತ್ತಲು ಹೋಗುತ್ತಾರೆ. ನಾನೂ ಹೋಗುತ್ತೇನೆ, ಸಂತೋಷದಿಂದಲೇ. ಆ ದಿನ ನಮ್ಮ ಅತ್ತೆಯವರು ಒಳಕೋಣೆಯಲ್ಲಿ ಇರುತ್ತಾರೆ. ಮಾವನವರು ತೀರಿಕೊಂಡ ಮೇಲಿನಿಂದ ಹಾಗೆ. ಅವರಿಗೆ ಯಾರೂ ಹೊರಗೆ ಬರಬೇಡಿ ಎಂದಿಲ್ಲ. ಯಾರೂ ಬನ್ನಿ ಎಂದೂ ಕರೆಯುವುದಿಲ್ಲ. ಅರಿಶಿನ ಕುಂಕುಮದ ತಟ್ಟೆ ಮನೆಗೆ ಬಂದಾಗ ಅವರೇ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಇಂಥ ಅತ್ತೆ, ಇಂಥ ಅವ್ವ, ಇಂಥ ಅಕ್ಕ ನಿಮ್ಮಲ್ಲಿ ಎಷ್ಟೋ ಮನೆಯಲ್ಲಿದ್ದಾರೆ. ಮದುವೆಯಾಗದವರು, ಗಂಡನಿಂದ ದೂರವಾದವರು ನಮ್ಮ ವೇದಿಕೆಯಲ್ಲೇ ಇದ್ದಾರೆ. ಅಂಥ ದಿನಗಳಲ್ಲಿ ಅವರು ಗ್ರೂಪಿನಲ್ಲಿ ಮಾತಾಡುವುದಿಲ್ಲ, ಗಮನಿಸಿದ್ದೀರಾ?

ಎರಡು ವರ್ಷದ ಹಿಂದೆ ಮಗಳ ಶಾಲೆಯ ಕೆಲಸಕ್ಕೆಂದು ನಾವು ಮೊದಲ ಸಲ ನೆರಳು ಅಳೆದೆವು. ಮಣ್ಣೆತ್ತು ಮಾಡುವುದೂ ಅದೇ ದಿನ ಆಯಿತು. ನಾನೂ ಮಗಳೂ ಮಾಡಿದ ಎತ್ತು ಅತ್ತೆಯವರ ಕಣ್ಣಿಗೆ ಬಿತ್ತು. ‘ಹಿಣಿಲ ಇಲ್ಲದ ಎತ್ತು ನೊಗಾ ಹೆಂಗ ಹೊರತೈತವಾ?’ ಎಂದು ಹೊರಗೆ ಬಂದರು. ನಮ್ಮ ಕೈಯಿಂದ ಮಣ್ಣು ತೆಗೆದುಕೊಂಡರು. ಹಿಣಿಲು ಬಂತು, ಕೋಡು ಬಂತು, ನಾವು ಮರೆತೇ ಹೋಗಿದ್ದ ಗ್ವಾದಲಿ ಬಂತು. ಚಿಕ್ಕಂದಿನಲ್ಲಿ ಅವರ ಊರ ಹಳ್ಳದಿಂದ ಮಣ್ಣು ತರುತ್ತಿದ್ದ ಕಥೆ, ಅಮಾವಾಸ್ಯೆಯ ಮರುದಿನ ಹುಡುಗರು ಮಣ್ಣೆತ್ತು ಹಿಡಿದು ಜೋಳ ಬೇಡಲು ಬರುತ್ತಿದ್ದ ಕಥೆ ಎಲ್ಲ ಬಂತು. ಸಂಜೆಯ ದೀಪವನ್ನು ಅವರ ಕೈಯಿಂದಲೇ ಹಚ್ಚಿಸಿದೆವು. ಅಂದು ಅವರು ಎಷ್ಟು ಮಾತಾಡಿದರೆಂದರೆ ಮಗಳು ಹೋಮ್‌ವರ್ಕ್ ಬರೆಯುವುದೇ ರಾತ್ರಿ ಹತ್ತಾಯಿತು.

ವಟಪೂರ್ಣಿಮೆ ಬಿಡಿ ಎಂದು ನಾನು ಹೇಳುತ್ತಿಲ್ಲ. ನಂಬಿಕೆಯಿಂದ ಮಾಡುವವರು ಮಾಡಲಿ. ಮನೆಗೆ ಕೊಂಬೆ ಕಡಿದು ತರಿಸುವುದಕ್ಕಿಂತ ಮರದ ಹತ್ತಿರ ಹೋಗಿ ಮಾಡಲಿ, ಅಷ್ಟೇ. ಆದರೆ ವರ್ಷದಲ್ಲಿ ಒಂದು ದಿನವಾದರೂ ಮನೆಯ ಎಲ್ಲ ಹೆಂಗಸರೂ ಸಮನಾಗಿ ಕೂರುವ ಹಬ್ಬ ಇರಲಿ. ಸೂರ್ಯನ ನೆರಳಿಗೆ ಮುತ್ತೈದೆ ಯಾರು, ಅಲ್ಲದವರು ಯಾರು ಎಂಬ ಲೆಕ್ಕವಿಲ್ಲ. ಹೊರದೇಶದ ಆ ಹಬ್ಬದ ಫೋಟೊಗಳಲ್ಲಿ ನನಗೆ ಹಿಡಿಸಿದ್ದೂ ಅದೇ: ಹೂವಿನ ಕಿರೀಟ ಅಜ್ಜಿಯ ತಲೆಯ ಮೇಲೂ ಇತ್ತು.

‘ದಕ್ಷಿಣಾಯನ ಅಶುಭ ಅಲ್ಲವೇ, ದೇವತೆಗಳ ರಾತ್ರಿ ಅಲ್ಲವೇ’ ಎಂದು ಒಬ್ಬ ಹಿರಿಯರು ಕೇಳಿದರು. ಭೀಷ್ಮ ಉತ್ತರಾಯಣಕ್ಕೆ ಕಾದದ್ದು ನಮಗೆಲ್ಲ ಗೊತ್ತು. ಆದರೆ ಲೆಕ್ಕ ಹಾಕಿ: ನಾಗಪಂಚಮಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ನವರಾತ್ರಿ, ದೀಪಾವಳಿ ಎಲ್ಲವೂ ದಕ್ಷಿಣಾಯನದಲ್ಲೇ. ದೇವರು ಮಲಗಿದ ಮೇಲೆ ಮನೆ ಹೆಂಗಸರಿಗೆ ಕೆಲಸ ಹೆಚ್ಚು! ಪಂಢರಪುರದ ದಾರಿಯೂ ಈಗಲೇ ತುಂಬುವುದು. ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರ ಪಾಲಖಿ, ಪೈಠಣದಿಂದ ಏಕನಾಥರ ಪಾಲಖಿ ಹೊರಡುವುದು ಜ್ಯೇಷ್ಠದಲ್ಲಿ. ಮಳೆಯಲ್ಲಿ ನೆನೆಯುತ್ತಾ ನಡೆಯುವ ಆ ಜನರಿಗೆ ಇದು ಅಶುಭ ಕಾಲ ಎಂದು ಅನ್ನಿಸಿದ ಹಾಗೆ ಕಾಣುವುದಿಲ್ಲ.

ಕೊನೆಯದಾಗಿ ಒಂದು ಸೂಚನೆ. ಬರುವ ಜೂನ್ 21ಕ್ಕೆ ಎಲ್ಲರೂ ಒಂದು ಮೀಟರ್ ಕೋಲಿನ ನೆರಳು ಅಳೆದು ಗ್ರೂಪಿಗೆ ಕಳಿಸೋಣ. ನಾಸಿಕ, ಸಂಭಾಜಿನಗರ ಎರಡರಲ್ಲೂ 6 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಧಾರವಾಡದ ತವರಿಗೆ ಫೋನ್ ಮಾಡಿ ಅಳೆಯಲು ಹೇಳಿ, ಅಲ್ಲಿ 14 ಬರಬೇಕು. ಬೆಂಗಳೂರಿನಲ್ಲಿ 18ಕ್ಕಿಂತ ಸ್ವಲ್ಪ ಹೆಚ್ಚು. ಇವೆಲ್ಲ ದಕ್ಷಿಣಕ್ಕೆ. ಲಂಡನ್ನಿನಲ್ಲಿರುವ ಮೊಮ್ಮಗನ ಕೋಲಿನ ನೆರಳು 53 ಸೆಂಟಿಮೀಟರ್, ಅದು ಉತ್ತರಕ್ಕೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಎರಾಟೋಸ್ತನೀಸ್ ಎಂಬ ಗ್ರೀಕ್ ಪಂಡಿತ ಇದೇ ದಿನದ ಮಧ್ಯಾಹ್ನ ಈಜಿಪ್ಟಿನ ಎರಡು ಊರುಗಳ ನೆರಳನ್ನು ಹೋಲಿಸಿ ಇಡೀ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ನಮಗೆ ಅಷ್ಟು ಬೇಡ. ತವರು ಎಷ್ಟು ದೂರ, ಮಕ್ಕಳು ಎಷ್ಟು ದೂರ ಎಂಬುದು ಒಂದು ಕೋಲಿನ ನೆರಳಿನಲ್ಲಿ ಕಂಡರೆ ಸಾಕು.

ಅಳೆಯುವಾಗ ಕೋಲು ಹಿಡಿಯಲು ಒಬ್ಬರು ಬೇಕಾಗುತ್ತಾರೆ. ಒಳಕೋಣೆಯಲ್ಲಿ ಇರುವವರನ್ನು ಕರೆಯಿರಿ.